ಕಾಗದದ ಆನೆಯನ್ನು ಮಗುವೇ ಮಾಡಲಿ

ಪ್ರಶ್ನೆ: ಮೇಡಂ, ನಾವು ಮಂಡ್ಯದಲ್ಲಿದ್ದೇವೆ. ಮಗನಿಗೆ ಆರು ವರ್ಷ, ಮಗಳಿಗೆ ಮೂರೂವರೆ. ರಜೆಯಲ್ಲಿ ಮೊಬೈಲ್ ಬಿಡಿಸೋಣ ಅಂತ ವಿಡಿಯೋ ನೋಡಿ ಕಾಗದದ ಕ್ರಾಫ್ಟ್ ಮಾಡಿಸಲು ಕೂರಿಸುತ್ತೇನೆ. ಹತ್ತು ನಿಮಿಷಕ್ಕೆ ಇಬ್ಬರೂ ಎದ್ದು ಹೋಗುತ್ತಾರೆ, ಕೊನೆಗೆ ನಾನೇ ಕೂತು ಮುಗಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಕಿಟ್ ತರಬೇಕಾ? ಕತ್ತರಿ ಯಾವ ವಯಸ್ಸಿಗೆ ಕೊಡಬಹುದು? ಮನೆಯಲ್ಲಿರುವ ಸಾಮಾನಿನಲ್ಲೇ ಆಗುವ ಸುಲಭದ ಕೆಲಸ ಹೇಳಿ.

ಉತ್ತರ: ಕಿಟ್ ತರಬೇಡಿ. ಅದರಲ್ಲಿ ಎಲ್ಲವನ್ನೂ ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ, ಮಗುವಿಗೆ ಉಳಿಯುವುದು ಅಂಟಿಸುವ ಕೆಲಸ ಒಂದೇ. ನಿಮ್ಮ ಮನೆಯಲ್ಲಿ ಹಳೆಯ ಪೇಪರ್ ಇದೆ, ಮುಗಿದ ವರ್ಷದ ಕ್ಯಾಲೆಂಡರ್ ಇದೆ, ಬೀರುವಿನ ಮೇಲೆ ಒಂದು ಕಟ್ಟು ಲಗ್ನಪತ್ರಿಕೆ ಇದ್ದೇ ಇರುತ್ತದೆ. ಒಂದು ರಜೆಗೆ ಇಷ್ಟು ಧಾರಾಳವಾಗಿ ಸಾಕು.

ನೀವೇ ಕೂತು ಮುಗಿಸುತ್ತೀರಿ ಅಂದಿರಲ್ಲ, ಮೊದಲು ಅದರ ಬಗ್ಗೆ ಹೇಳಬೇಕು. ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಚಿಕ್ಕ ಮಕ್ಕಳಿಗೆ ಕೈಕೆಲಸ ಕಲಿಸಿದ್ದೇನೆ. ಶುರುವಿನ ವರ್ಷಗಳಲ್ಲಿ ಒಂದು ಸಲ ದಸರಾ ರಜೆಗೆ ಮುಂಚೆ ತರಗತಿಯ ಗೋಡೆಗೆ ಕಾಗದದ ಆನೆಗಳ ಸಾಲು ಮಾಡಿಸಿದೆ. ಸೊಂಡಿಲು ಸೊಟ್ಟ ಆದರೆ ನಾನೇ ಕಿತ್ತು ನೆಟ್ಟಗೆ ಅಂಟಿಸಿದೆ, ಕಿವಿ ಹರಿದರೆ ಬೇರೆ ಕಿವಿ ಕತ್ತರಿಸಿ ಹಾಕಿದೆ. ಗೋಡೆ ತುಂಬಾ ಚೆನ್ನಾಗಿ ಕಂಡಿತು, ಬಂದ ಅಪ್ಪ ಅಮ್ಮಂದಿರೆಲ್ಲ ಹೊಗಳಿದರು. ಸಂಜೆ ಒಬ್ಬ ಹುಡುಗ ಅಮ್ಮನ ಕೈ ಹಿಡಿದುಕೊಂಡು ಗೋಡೆಯ ಉದ್ದಕ್ಕೂ ಎರಡು ಸಲ ಓಡಾಡಿದ, ಆಮೇಲೆ ನನ್ನ ಹತ್ತಿರ ಬಂದು "ಮಿಸ್, ನನ್ನ ಆನೆ ಯಾವುದು?" ಅಂತ ಕೇಳಿದ. ನನಗೂ ಗೊತ್ತಾಗಲಿಲ್ಲ. ಎಲ್ಲಾ ಆನೆಗಳೂ ನನ್ನವೇ ಆಗಿಹೋಗಿದ್ದವು.

ಅವತ್ತಿನಿಂದ ನಾನು ಮಕ್ಕಳ ಕೆಲಸಕ್ಕೆ ಕೈ ಹಾಕಿಲ್ಲ. ತಯಾರಿ ನನ್ನದು, ಕೆಲಸ ಅವರದು. ನೀವೂ ಹಾಗೇ ಮಾಡಿ. ಮಕ್ಕಳು ಕೂರುವುದಕ್ಕೆ ಮೊದಲು ಪಟ್ಟಿ ಕತ್ತರಿಸಿಡಿ, ಗೆರೆ ಎಳೆದಿಡಿ, ಅಂಟು ಕಾಯಿಸಿಡಿ. ಅವರು ಕೂತ ಮೇಲೆ ಅವರ ಕೈಯಲ್ಲಿರುವ ಕಾಗದವನ್ನು ಮಾತ್ರ ಮುಟ್ಟಬೇಡಿ. ಏನಾದರೂ ತೋರಿಸಬೇಕಾದರೆ ನಿಮ್ಮದೇ ಒಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂತು ಮಾಡಿ, ಮಕ್ಕಳು ಓರೆಗಣ್ಣಲ್ಲಿ ನೋಡಿ ಕಲಿಯುತ್ತಾರೆ.

ಇನ್ನು ಹತ್ತು ನಿಮಿಷಕ್ಕೆ ಎದ್ದು ಹೋಗುವುದು. ಮೂರೂವರೆ ವರ್ಷದ ಮಗು ಹತ್ತು ನಿಮಿಷ ಒಂದೇ ಕಡೆ ಕೂತಿತು ಅಂದರೆ ಅದು ಕಡಿಮೆಯೇನಲ್ಲ. ಆದರೆ ಆರು ವರ್ಷದವನೂ ಎದ್ದು ಹೋಗುತ್ತಿದ್ದಾನೆ ಅಂದರೆ ಕೆಲಸ ಅವನ ಕೈಗೆ ಮೀರಿದ್ದು ಅಂತ ಅರ್ಥ. ವಿಡಿಯೋದಲ್ಲಿ ದೊಡ್ಡವರ ಕೈ ಮಾಡುತ್ತಿರುತ್ತದೆ, ಅದೂ ವೇಗ ಜಾಸ್ತಿ ಮಾಡಿ ತೋರಿಸುತ್ತಾರೆ. ಮಕ್ಕಳ ಕೈ ಬಲಿಯುವುದಕ್ಕೆ ಒಂದು ದಾರಿ ಇದೆ. ಮೊದಲು ಹರಿಯುವುದು ಮತ್ತು ಮುದುರುವುದು ಬರುತ್ತದೆ, ಆಮೇಲೆ ಅಂಟಿಸುವುದು, ಆಮೇಲೆ ಮಡಚುವುದು, ಕೊನೆಗೆ ಗೆರೆ ಹಿಡಿದು ಕತ್ತರಿಸುವುದು. ನಿಮ್ಮ ಮಗಳು ಈಗ ಹರಿಯುವ, ಅಂಟಿಸುವ ಹಂತದಲ್ಲಿದ್ದಾಳೆ, ಮಗ ಮಡಚುವ ಮತ್ತು ಕತ್ತರಿಸುವ ಹಂತದಲ್ಲಿದ್ದಾನೆ. ಇಬ್ಬರಿಗೂ ಒಂದೇ ಕೆಲಸ ಕೊಟ್ಟರೆ ಒಬ್ಬರಿಗೆ ಬೇಜಾರು, ಇನ್ನೊಬ್ಬರಿಗೆ ಅಳು. ಒಂದೇ ಗೊಂಬೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಕೆಲಸ ಕೊಡಿ.

ಹರಿಯುವುದರಿಂದ ಶುರು ಮಾಡಿ. ಹರಿಯುವುದೂ ಒಂದು ಕ್ರಾಫ್ಟಾ ಅಂತ ತುಂಬಾ ತಾಯಂದಿರು ಕೇಳುತ್ತಾರೆ. ಹೌದು, ಚಿಕ್ಕವರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಎರಡು ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಹಿಡಿದು, ಒಂದು ಕೈಯನ್ನು ತನ್ನ ಕಡೆಗೂ ಇನ್ನೊಂದನ್ನು ಆಚೆಗೂ ಎಳೆಯಬೇಕು, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಬಲ ಅಲ್ಲೇ ಬರುವುದು. ಮನೆಗೆ ಬರುವ ದಿನಪತ್ರಿಕೆಯ ಒಂದು ಹಾಳೆ ತೆಗೆದುಕೊಂಡು ನೀವೇ ಮೊದಲು ಹರಿದು ನೋಡಿ. ಮೇಲಿನಿಂದ ಕೆಳಕ್ಕೆ ಎಳೆದರೆ ಹೆಚ್ಚುಕಡಿಮೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಎಳೆದರೆ ಎಲ್ಲೆಲ್ಲೋ ಹೋಗುತ್ತದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿಕೊಳ್ಳುತ್ತವೆ, ಅದಕ್ಕೇ ಹೀಗೆ. ಬಟ್ಟೆಗೆ ಎಳೆ ಇದ್ದ ಹಾಗೆ ಕಾಗದಕ್ಕೂ ಎಳೆ ಇದೆ. ಮಡಚುವಾಗಲೂ ಎಳೆಯ ಜೊತೆ ಮಡಚಿದರೆ ಮಡಿಕೆ ಚೂಪಾಗಿ ಕೂರುತ್ತದೆ, ಎಳೆಗೆ ಅಡ್ಡ ಮಡಚಿದರೆ ಸಿಡಿದು ಎದ್ದೇಳುತ್ತದೆ. ಮಗು ಪಟ್ಟಿ ಹರಿಯಬೇಕಾದರೆ ಉದ್ದಕ್ಕೆ ಕೊಡಿ, ಚೂರು ಮಾಡಬೇಕಾದರೆ ಹೇಗೆ ಬೇಕಾದರೂ ಹರಿಯಲಿ.

ಆ ಚೂರುಗಳನ್ನು ಏನು ಮಾಡುವುದು? ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮಗುವಿನ ಎರಡು ಅಂಗೈ ಅಗಲದ ಒಂದು ಮೀನೋ ಮಾವಿನಹಣ್ಣೋ ಬರೆದುಕೊಡಿ. ದೊಡ್ಡದಾಗಿರಲಿ, ಒಳಗೆ ಸಣ್ಣ ಸಣ್ಣ ಭಾಗ ಬೇಡ. ಮಗಳು ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ ತುಂಬಲಿ. ಗೆರೆ ದಾಟುತ್ತಾಳೆ, ದಾಟಲಿ. ಕ್ಯಾಲೆಂಡರ್‌ನ ನುಣುಪಾದ ಬದಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಹಿಂಬದಿಯನ್ನೇ ಬಳಸಿ. ಹಿಂಬದಿಯೂ ನುಣುಪಾಗಿದ್ದರೆ ಮೊದಲು ಪೇಪರ್ ಹಾಳೆಯೊಂದನ್ನು ಅದರ ಮೇಲೆ ಪೂರ್ತಿ ಅಂಟಿಸಿ ಒಣಗಿಸಿಕೊಳ್ಳಿ.

ಅಂಟಿನ ವಿಷಯಕ್ಕೆ ಬಂದರೆ, ಬಾಟಲಿಯ ಬಿಳಿ ಅಂಟು ಚಿಕ್ಕವರಿಗೆ ಅಷ್ಟು ಹೊಂದುವುದಿಲ್ಲ. ಒತ್ತಿದರೆ ಒಂದೇ ಸಲಕ್ಕೆ ಸುರಿಯುತ್ತದೆ, ತೆಳು ಕಾಗದ ನೆನೆದು ಸುಕ್ಕಾಗುತ್ತದೆ. ಮೈದಾ ಅಂಟು ಮಾಡಿಕೊಳ್ಳಿ. ಎರಡು ದೊಡ್ಡ ಚಮಚ ಮೈದಾ, ಒಂದು ಸಣ್ಣ ಲೋಟ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಿ. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಆಗುತ್ತಿದ್ದಂತೆ ಇಳಿಸಿಬಿಡಿ, ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಹೊರಗಿಟ್ಟರೆ ಎರಡು ದಿನ ಬರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಹುಳು ಬಾರದಿರಲಿ ಅಂತ ಹಿಂದೆ ಪುಸ್ತಕ ಕಟ್ಟುವವರು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು, ಮನೆಯ ಹಿರಿಯರು ಯಾರಾದರೂ ಅದನ್ನು ನೆನಪಿಸಿದರೆ ದಯವಿಟ್ಟು ಬೇಡ ಅನ್ನಿ. ಅದು ವಿಷ, ಮಕ್ಕಳು ಬೆರಳು ಬಾಯಿಗಿಡುತ್ತಾರೆ. ಮೈದಾ ಇಲ್ಲದ ದಿನ ಅನ್ನದ ಅಗುಳು ಸಾಕು. ಆಷಾಢದ ಗಾಳಿಗೆ ಪಟ ಕಟ್ಟುವಾಗ ನಾವೆಲ್ಲ ಅಂಟಿಸಿದ್ದು ಅಗುಳಿನಲ್ಲೇ ಅಲ್ವಾ? ಅಗುಳನ್ನು ಬೆರಳಲ್ಲಿ ಹಿಸುಕಿ ಸವರುವುದು ಮಗಳಿಗೆ ತುಂಬಾ ಇಷ್ಟವಾಗುತ್ತದೆ, ನೋಡಿ ಬೇಕಾದರೆ.

ಮಡಚುವುದಕ್ಕೆ ಸುಮ್ನೆ ಬಿಳಿ ಎ4 ಹಾಳೆ ಸಾಕು, ಒಂದು ಬದಿ ಪ್ರಿಂಟ್ ಆಗಿದ್ದರೂ ನಡೆಯುತ್ತದೆ. ಪೇಪರ್ ಹಾಳೆ ತುಂಬಾ ದೊಡ್ಡದು, ಜೋತು ಬೀಳುತ್ತದೆ. ಲಗ್ನಪತ್ರಿಕೆ ತುಂಬಾ ದಪ್ಪ, ಪುಟ್ಟ ಬೆರಳಿಗೆ ಮಡಿಯುವುದಿಲ್ಲ. ಮೇಜಿನ ಮೇಲೋ ನೆಲದ ಮೇಲೋ ಇಟ್ಟು ಮಡಚಲಿ, ಗಾಳಿಯಲ್ಲಿ ಹಿಡಿದು ಮಡಚುವುದು ದೊಡ್ಡವರ ಅಭ್ಯಾಸ. ಎರಡು ಮೂಲೆಗೆ ಒಂದೊಂದು ಬಣ್ಣದ ಚುಕ್ಕೆ ಇಟ್ಟು "ಈ ಚುಕ್ಕೆ ಹೋಗಿ ಆ ಚುಕ್ಕೆಗೆ ಮುತ್ತು ಕೊಡಲಿ" ಅನ್ನಿ, ಮೂರೂವರೆಯವಳಿಗೂ ಅರ್ಥವಾಗುತ್ತದೆ. ಆಮೇಲೆ ಚಮಚದ ಬೆನ್ನಿನಿಂದ ಉಜ್ಜಿ ಮಡಿಕೆ ಕೂರಿಸಲಿ. ಹಾಳೆಯನ್ನು ಅರ್ಧರ್ಧ ಮಾಡುತ್ತಾ ಹೋದರೆ ಪ್ರತಿ ಸಲ ಪದರ ಎರಡರಷ್ಟಾಗುತ್ತದೆ, ನಾಲ್ಕನೇ ಸಲಕ್ಕೆ 16 ಪದರ. ದೋಣಿಯ ಕೊನೆಯ ಮಡಿಕೆಗಳಲ್ಲಿ ಮಕ್ಕಳು ಸೋಲುವುದು ಬುದ್ಧಿ ಸಾಲದೆ ಅಲ್ಲ, ಬೆರಳಿನ ಬಲ ಸಾಲದೆ. ಅದಕ್ಕೆ ದೋಣಿಯನ್ನು ಮೊದಲ ಪಾಠ ಮಾಡಬೇಡಿ.

ನಿಮ್ಮ ಜಿಲ್ಲೆಯದೇ ಒಂದು ಹಕ್ಕಿ ಮಾಡಿಸಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದರೆ ಹೆಜ್ಜಾರ್ಲೆ ನೋಡಿಯೇ ಇರುತ್ತೀರಿ, ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತದೆ. ಅದರ ಕೊಕ್ಕಿನ ಕೆಳಗೆ ಚೀಲ ಇರುತ್ತದೆ, ನೀರು ಮೀನು ಎರಡನ್ನೂ ಒಟ್ಟಿಗೆ ಬಾಚಿಕೊಂಡು, ನೀರನ್ನು ಹೊರಗೆ ಬಿಟ್ಟು ಮೀನು ನುಂಗುತ್ತದೆ. ಈ ಹಕ್ಕಿಯ ಬಾಯಿಗೊಂಬೆ ತುಂಬಾ ಸುಲಭ. ಎ4 ಹಾಳೆಯನ್ನು ಉದ್ದಕ್ಕೆ ಮೂರು ಪದರ ಮಾಡಿ ಮಡಚಿದರೆ ಅಗಲದ ಪಟ್ಟಿಯಾಗುತ್ತದೆ, ಬಿಚ್ಚಿಕೊಳ್ಳದ ಹಾಗೆ ಅಂಚಿಗೆ ಚೂರು ಅಂಟು ಹಚ್ಚಿ. ಆ ಪಟ್ಟಿಯನ್ನು ಅಡ್ಡಕ್ಕೆ ಅರ್ಧ ಮಡಚಿ. ಈಗ ಎರಡು ತುದಿಗಳನ್ನೂ ಒಂದೊಂದಾಗಿ ಹೊರಗಿನಿಂದ ಹಿಂದಕ್ಕೆ, ನಡುವಿನ ಮಡಿಕೆಯವರೆಗೆ ತನ್ನಿ. ತುದಿಗಳಲ್ಲಿ ಎರಡು ಜೇಬು ಕಾಣುತ್ತವೆ. ಮೇಲಿನದಕ್ಕೆ ನಾಲ್ಕು ಬೆರಳು, ಕೆಳಗಿನದಕ್ಕೆ ಹೆಬ್ಬೆರಳು, ಬಾಯಿ ತೆಗೆದು ಮುಚ್ಚುತ್ತದೆ. ಮೇಲೆ ಕೆಳಗೆ ಒಂದೊಂದು ಉದ್ದ ಕೊಕ್ಕನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಅಂಟಿಸಿ. ಕೆಳಗಿನದನ್ನು ಅಗಲವಾಗಿ ಕತ್ತರಿಸಿ ಎರಡು ಅಂಚನ್ನೂ ಮೇಲಕ್ಕೆ ಮಡಚಿದರೆ ದೊನ್ನೆಯ ಹಾಗಾಗುತ್ತದೆ, ಮೀನು ಅಲ್ಲಿ ಕೂರುತ್ತದೆ. ಮಡಚುವುದು ಮಗ, ಕಣ್ಣು ಮತ್ತು ಹರಿದ ಪುಕ್ಕ ಅಂಟಿಸುವುದು ಮಗಳು.

ಮೀನನ್ನೂ ಅವರೇ ಮಾಡಲಿ. ಒಂದು ಬೆರಳಿನ ಎರಡರಷ್ಟು ಉದ್ದದ, ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಸಾಕು. ಒಂದು ತುದಿಯ ಹತ್ತಿರ ಮೇಲಿನ ಅಂಚಿನಿಂದ ಅರ್ಧ ಅಗಲಕ್ಕೆ ಒಂದು ಸೀಳು, ಇನ್ನೊಂದು ತುದಿಯ ಹತ್ತಿರ ಕೆಳಗಿನ ಅಂಚಿನಿಂದ ಅರ್ಧ ಅಗಲಕ್ಕೆ ಇನ್ನೊಂದು ಸೀಳು. ಪಟ್ಟಿಯನ್ನು ಬಗ್ಗಿಸಿ ಸೀಳಿಗೆ ಸೀಳು ಸಿಕ್ಕಿಸಿದರೆ ಬಾಲ ಇರುವ ಮೀನು ಸಿದ್ಧ. ಅಂಟೂ ಬೇಡ. ಎತ್ತರದಿಂದ ಬಿಟ್ಟರೆ ಗಿರಗಿರನೆ ತಿರುಗುತ್ತಾ ಇಳಿಯುತ್ತದೆ. ನನ್ನ ಅನುಭವದಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುವ ಕೆಲಸ ಇದೊಂದೇ, ಐವತ್ತು ಮೀನು ಮಾಡಿದರೂ ಸಾಲುವುದಿಲ್ಲ.

ಈಗ ಕತ್ತರಿ. ಮೂರು ವರ್ಷ ತುಂಬಿದ ಮೇಲೆ, ನೀವು ಪಕ್ಕದಲ್ಲಿ ಕೂತಿರುವಾಗ ಕೊಡಬಹುದು. ತುದಿ ದುಂಡಗಿರಲಿ, ಆದರೆ ಅಲಗು ನಿಜವಾಗಿ ಕತ್ತರಿಸಬೇಕು. ಪೂರ್ತಿ ಪ್ಲಾಸ್ಟಿಕ್‌ನ ಆಟದ ಕತ್ತರಿ ಕಾಗದವನ್ನು ಕಚ್ಚಿ ಮಡಚುತ್ತದೆ ಅಷ್ಟೇ, ಮಗು ತನಗೇ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಅಂಗಡಿಯಲ್ಲೇ ಒಂದು ಕಾಗದ ಕತ್ತರಿಸಿ ನೋಡಿ ತನ್ನಿ. ಮೊದಲ ಪಾಠಕ್ಕೆ ತೆಳು ಕಾಗದ ಕೊಡುವುದು ಎಲ್ಲರೂ ಮಾಡುವ ತಪ್ಪು. ತೆಳು ಕಾಗದ ಅಲಗುಗಳ ನಡುವೆ ಬಗ್ಗಿಬಿಡುತ್ತದೆ. ಲಗ್ನಪತ್ರಿಕೆಯಂಥ ದಪ್ಪ ಕಾಗದವನ್ನು ನೀವು ಒಂದೂವರೆ ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿಕೊಡಿ, ಒಂದೇ ಸಲ ಬಾಯಿ ಮುಚ್ಚಿದರೆ ಒಂದು ಚೂರು ಕೆಳಗೆ ಬೀಳಬೇಕು. ಆ ಕಚಕ್ ಶಬ್ದಕ್ಕೇ ಮಗಳು ಅರ್ಧ ಗಂಟೆ ಕೂತಾಳು. ಚೂರುಗಳನ್ನು ಒಂದು ತಟ್ಟೆಗೆ ಬೀಳಿಸಲಿ, ನಾಳೆ ಅಂಟಿಸಲು ಬರುತ್ತದೆ. ಹೆಬ್ಬೆರಳು ಯಾವಾಗಲೂ ಮೇಲಿನ ಬಳೆಯಲ್ಲಿರಬೇಕು, ಮೊಣಕೈ ಪಕ್ಕೆಗೆ ಅಂಟಿಕೊಂಡಿರಬೇಕು. ಮಗನಿಗೆ ಇನ್ನೊಂದು ಮಾತು ಹೇಳಿಕೊಡಿ, ದುಂಡಗೆ ಕತ್ತರಿಸುವಾಗ ಕತ್ತರಿ ನೆಟ್ಟಗೆ ಹೋಗುತ್ತದೆ, ತಿರುಗುವುದು ಕಾಗದ ಹಿಡಿದ ಕೈ. ಎಡಗೈಯ ಮಗುವಾದರೆ ಬಲಗೈಗೆ ಒತ್ತಾಯ ಮಾಡಲೇಬೇಡಿ. ಎಡಗೈಗೆ ಅಂತಲೇ ಅಲಗು ತಿರುಗಿಸಿ ಮಾಡಿದ ಕತ್ತರಿ ಸಿಗುತ್ತದೆ, ಮಾಮೂಲಿ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಗೆರೆಯೇ ಕಾಣುವುದಿಲ್ಲ.

ದುಂಡಗೆ ಕತ್ತರಿಸಲು ಬಂದ ಮೇಲೆ ಮಗನಿಂದ ಆಟದ ಎಲೆ ಮಾಡಿಸಿ. ಮೈಸೂರಿನ ಗಂಜೀಫಾ ಎಲೆಗಳು ದುಂಡಗಿರುತ್ತವೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಆ ಆಟಕ್ಕೆ ಅರಮನೆಯಲ್ಲೇ ಆಶ್ರಯ ಇತ್ತು. ಸಣ್ಣ ಲೋಟ ಬೋರಲು ಇಟ್ಟು ಗೆರೆ ಎಳೆದು ಇಪ್ಪತ್ತು ಬಿಲ್ಲೆ ಕತ್ತರಿಸಲಿ, ಎರಡೆರಡಕ್ಕೆ ಒಂದೇ ಚಿತ್ರ ಬರೆಯಲಿ. ಬೋರಲು ಹಾಕಿ ಜೋಡಿ ಹುಡುಕುವ ಆಟ ಇಬ್ಬರೂ ಆಡಬಹುದು.

ಗಿರಗಿಟ್ಲೆ, ಕಾಗದದ ಸರಪಳಿ, ಹಸಿರು ಕಾಗದದ ಮಾವಿನ ತೋರಣ ಇವೆಲ್ಲ ನಿಮಗೆ ಗೊತ್ತಿರುವವೇ, ಜಾಸ್ತಿ ಹೇಳುವುದಿಲ್ಲ. ಗಿರಗಿಟ್ಲೆಗೆ ಗುಂಡುಪಿನ್ನು ನೀವೇ ಚುಚ್ಚಿ, ಕಾಗದಕ್ಕೂ ಕಡ್ಡಿಗೂ ನಡುವೆ ಒಂದು ಮಣಿ ಹಾಕಿದರೆ ಉಜ್ಜದೆ ಸಲೀಸಾಗಿ ತಿರುಗುತ್ತದೆ. ಪೊರಕೆಯ ಹಂಚಿಕಡ್ಡಿ ಬೇಡ, ಅದರ ತುದಿ ಕಣ್ಣಿಗೆ ಅಪಾಯ. ಪಿನ್ನು, ಮಣಿ, ಸ್ಟೇಪ್ಲರ್ ಮೂರೂ ಮಗಳ ಕೈಗೆ ಸಿಗದ ಕಡೆ ಇರಲಿ.

ಬಿಸಿಲು ಚೆನ್ನಾಗಿರುವ ವಾರ ಒಂದು ದೊಡ್ಡ ಕೆಲಸ ಇಟ್ಟುಕೊಳ್ಳಿ. ಹಳೆಯ ಕಾಲದಲ್ಲಿ ನಮ್ಮ ಕಡೆ ಮೊರ, ಮಂಕರಿಗಳ ಸಂದು ಮುಚ್ಚಲು ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಬಳಿಯುತ್ತಿದ್ದರು. ನಿಮ್ಮ ಅತ್ತೆಯವರನ್ನೋ ತಾಯಿಯವರನ್ನೋ ಕೇಳಿ, ಗೊತ್ತಿರುತ್ತದೆ. ಮೆಂತ್ಯ ನೆಂದರೆ ಲೋಳೆ ಬಿಡುತ್ತದೆ, ಆ ಲೋಳೆಯೇ ಅಂಟು. ಎಂಟು ಹತ್ತು ಪೇಪರ್ ಹಾಳೆಗಳನ್ನು ಮಕ್ಕಳು ಚೂರು ಮಾಡಿ ಬಕೆಟ್ ನೀರಿಗೆ ಹಾಕಲಿ. ಒಂದು ದಿನ ಪೂರ್ತಿ ನೆನೆಯಲಿ. ಎರಡು ಮೂರು ದೊಡ್ಡ ಚಮಚ ಮೆಂತ್ಯವನ್ನು ರಾತ್ರಿ ಬೇರೆಯಾಗಿ ನೆನೆಹಾಕಿ. ಮಾರನೇ ದಿನ ಮಕ್ಕಳು ಕಾಗದವನ್ನು ಕೈಯಲ್ಲೇ ಹಿಚುಕಿ ಹಿಚುಕಿ ಮುದ್ದೆ ಮಾಡಲಿ, ಇಡೀ ಕೆಲಸದಲ್ಲಿ ಅವರಿಗೆ ಅತಿ ಖುಷಿ ಕೊಡುವ ಭಾಗ ಇದೇ. ಮೆಂತ್ಯ ನೀವು ನುಣ್ಣಗೆ ರುಬ್ಬಿ. ಕಾಗದವನ್ನೂ ಮಿಕ್ಸಿಗೆ ಹಾಕುವುದಾದರೆ ಸ್ವಲ್ಪ ಸ್ವಲ್ಪ, ತುಂಬಾ ನೀರಿನ ಜೊತೆ ಹಾಕಿ, ಇಲ್ಲದಿದ್ದರೆ ಮೋಟಾರು ಬಿಸಿಯಾಗುತ್ತದೆ. ನೀರು ಹಿಂಡಿ, ಎರಡನ್ನೂ ಸೇರಿಸಿ, ರಾಗಿ ಮುದ್ದೆಯ ಹದಕ್ಕೆ ನಾದಿ. ಒಂದು ಸ್ಟೀಲ್ ಬಟ್ಟಲನ್ನು ಬೋರಲು ಹಾಕಿ, ಹೊರಮೈಗೆ ಎಣ್ಣೆ ಸವರಿ, ಅದರ ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತಟ್ಟಬೇಕು. ರೊಟ್ಟಿ ತಟ್ಟುವುದನ್ನು ನೋಡಿದ ಮಕ್ಕಳು, ಹೇಳಿಕೊಡಬೇಕಾಗಿಯೇ ಇಲ್ಲ. ಮೊದಲ ದಿನ ನೆರಳಲ್ಲಿ, ಆಮೇಲೆ ಎರಡು ಮೂರು ದಿನ ಬಿಸಿಲಲ್ಲಿ ಒಣಗಿದ ಮೇಲೆ ಬಟ್ಟಲಿನಿಂದ ಮೆಲ್ಲಗೆ ಬಿಡಿಸಿ. ಮೊದಲೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಪೆನ್ಸಿಲ್, ಬಳಪ, ಬೀಗದ ಕೈ ಇಡಲು ಚೆನ್ನ. ಅಚ್ಚಿನ ಶಾಯಿ ಇರುವ ಕಾಗದ ಆದ್ದರಿಂದ ತಿನ್ನುವ ಪದಾರ್ಥ ಹಾಕಬೇಡಿ.

ಕೊನೆಗೆ ಆನೆ. ಮೊದಲೇ ಮಡಚಿರುವ ಲಗ್ನಪತ್ರಿಕೆ ತೆಗೆದುಕೊಳ್ಳಿ. ಗಣಪತಿಯ ಚಿತ್ರ ಇರುವ ಭಾಗವನ್ನು ನಾನು ತೆಗೆದಿಡುತ್ತೇನೆ, ಅದಕ್ಕೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. ಮಡಿಕೆ ಮೇಲಕ್ಕೆ ಬರುವ ಹಾಗೆ ಹಿಡಿದರೆ ಅದೇ ಆನೆಯ ಬೆನ್ನು. ಕೆಳಗಿನ ಬಿಡಿ ಅಂಚಿನ ನಡುವೆ ಲೋಟ ಇಟ್ಟು ಅರ್ಧ ವೃತ್ತ ಎಳೆದು, ಅಷ್ಟು ಭಾಗ ಕತ್ತರಿಸಿ ತೆಗೆದರೆ ನಾಲ್ಕು ಕಾಲು. ಎರಡು ಪದರ ಒಟ್ಟಿಗೆ ಮಕ್ಕಳ ಕೈಗೆ ಬಗ್ಗುವುದಿಲ್ಲ, ಪತ್ರಿಕೆ ಬಿಡಿಸಿ ಒಂದೊಂದು ಬದಿಯನ್ನೇ ಮಗ ಕತ್ತರಿಸಲಿ. ಸೊಂಡಿಲಿಗೆ ಒಂದು ಪಟ್ಟಿಯನ್ನು ಪೆನ್ಸಿಲ್‌ಗೆ ಬಿಗಿಯಾಗಿ ಸುತ್ತಿ ಬಿಟ್ಟರೆ ಸುರುಳಿಯಾಗುತ್ತದೆ, ಇದು ಮಗಳ ಕೆಲಸ. ಕಿವಿಯನ್ನು ಅವಳೇ ಹರಿಯಲಿ, ಹರಿದ ಕಿವಿ ಕತ್ತರಿಸಿದ ಕಿವಿಗಿಂತ ಆನೆಯ ಕಿವಿಗೆ ಹತ್ತಿರ. ಬೆನ್ನ ಮೇಲೆ ಖಾಲಿ ಬೆಂಕಿಪೊಟ್ಟಣಕ್ಕೆ ಪತ್ರಿಕೆಯ ಚಿನ್ನದ ಬಣ್ಣದ ಕಾಗದ ಸುತ್ತಿ ಅಂಬಾರಿ ಇಡಿ, ಗಂಧಕ ಉಜ್ಜುವ ಬದಿ ಪೂರ್ತಿ ಮುಚ್ಚಿರಲಿ. ನಿಜವಾದ ಚಿನ್ನದ ಅಂಬಾರಿ ಸುಮಾರು 750 ಕೆಜಿ ಇದೆ, 2020ರಿಂದ ಅದನ್ನು ಹೊರುತ್ತಾ ಬಂದವನು ಅಭಿಮನ್ಯು ಅಂತ ಹೇಳಿದರೆ ನಿಮ್ಮ ಮಗ ತನ್ನ ಆನೆಗೂ ಅದೇ ಹೆಸರಿಡುತ್ತಾನೆ. ಪ್ರತಿ ಆನೆಯ ಹೊಟ್ಟೆಯ ಒಳಗಡೆ ಮಾಡಿದವರ ಹೆಸರು ಬರೆಸಿ, ಬರೆಯಲು ಬಾರದಿದ್ದರೆ ಬೆರಳಿಗೆ ಬಣ್ಣ ಹಚ್ಚಿ ಒತ್ತಿಸಿ.

ಅಂಬಾರಿ ಇಟ್ಟ ತಕ್ಷಣ ಆನೆಯ ಕಾಲು ಅಗಲವಾಗಿ ಜಾರಿ ಅದು ನೆಲಕ್ಕೆ ಕೂತುಬಿಡುತ್ತದೆ, ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ. ಆಗ ನೀವು ಎತ್ತಿ ಸರಿಮಾಡಲು ಹೋಗಬೇಡಿ. ಎರಡು ಬೆರಳು ಅಗಲದ ದಪ್ಪ ಪಟ್ಟಿಯೊಂದನ್ನು ಮಗನ ಕೈಗೆ ಕೊಟ್ಟು, ಎರಡು ತುದಿ ಮಡಚಿ, ಹೊಟ್ಟೆಯೊಳಗೆ ಈ ಬದಿಯಿಂದ ಆ ಬದಿಗೆ ಅಡ್ಡ ಅಂಟಿಸಲು ಹೇಳಿ. ಹತ್ತು ನಿಮಿಷ ಒಣಗಲಿ, ಆನೆ ನಿಲ್ಲುತ್ತದೆ.